ಅರ್ಧ ಮಾರು ದಾರ

ನಾನು ನರ್ಸ್ ಕೆಲಸಕ್ಕೆ ಸೇರಿದಾಗ ಕೈಗೆ ಕೊಟ್ಟ ಮೊದಲ ಟೇಪು ಕೂಸುಗಳ ರಟ್ಟೆಗೆ ಸುತ್ತುವಂಥದು. ಕೆಂಪು ಬಣ್ಣಕ್ಕೆ ಬಂದರೆ ಕೂಸು ಸೊರಗಿದೆ ಎಂದು ಅರ್ಥ. ನಿವೃತ್ತಿಯ ಹೊತ್ತಿಗೆ ನನ್ನ ಚೀಲದಲ್ಲಿದ್ದದ್ದು ದೊಡ್ಡವರ ಸೊಂಟಕ್ಕೆ ಸುತ್ತುವ ಟೇಪು. ಅರ್ಧ ಸರ್ವಿಸು ಹೊಟ್ಟೆಗೆ ಸಾಲದವರನ್ನು ಹುಡುಕಿದೆ, ಉಳಿದರ್ಧ ಹೊಟ್ಟೆ ಹೆಚ್ಚಾದವರನ್ನು ಹುಡುಕಿದೆ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿದ್ದುಂಟು.

ಈಗ ಹೊಸದಾಗಿ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಕೆಲವರು ನನ್ನ ಮನೆಗೆ ಬಂದು, ‘ಅಕ್ಕಾರ, ಸೊಂಟದ ಅಳತಿ ಅಂದ್ರ ಅದೇನ್ ದೊಡ್ಡ ಮಾತ್ರೀ, ಟೇಪ್ ಸುತ್ತಿದ್ರ ಮುಗೀತಲ್ಲ’ ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಯ ಕಥೆಗಳು ಕಚೇರಿಯ ಕಪಾಟಿನಲ್ಲಿವೆ, ಅಲ್ಲೇ ಇರಲಿ. ನಾನು ಹುಟ್ಟಿದ್ದು ಇಚಲಕರಂಜಿಯಲ್ಲಿ. ಅಪ್ಪ ಮಗ್ಗದ ಬಿಡಿಭಾಗ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಈ ಎರಡು ಭಾಷೆ ನನಗೆ ಕೊಟ್ಟಷ್ಟು ಅನ್ನವನ್ನು ನನ್ನ ಸರ್ಟಿಫಿಕೇಟುಗಳು ಕೊಟ್ಟಿಲ್ಲ.

ನಮಗೆ ವಹಿಸಿದ್ದ ಕೆಲಸ ಲಿವರಿನಲ್ಲಿ ಕೊಬ್ಬು ಸೇರಿಕೊಂಡವರನ್ನು ಹುಡುಕುವುದು. ಇದು ಬಹಳ ಕಳ್ಳ ಕಾಯಿಲೆ. ನೋವಿಲ್ಲ, ಜ್ವರವಿಲ್ಲ, ಉಂಡದ್ದು ರುಚಿಯಾಗಿಯೇ ಇರುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ಲಿವರು ಗಟ್ಟಿಯಾಗುತ್ತ ಹೋಗುತ್ತದೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಊರಿನ ಎಲ್ಲರಿಗೂ ಸೋನೋಗ್ರಾಫಿ ಮಾಡಿಸುವುದು ಆಗದ ಮಾತು. ಯಾರನ್ನು ಮೊದಲು ಕಳಿಸಬೇಕು ಎಂದು ಆರಿಸಲು ಸೊಂಟದ ಅಳತೆ, ಎತ್ತರ, ತೂಕ, ಕೊರಳ ಸುತ್ತಳತೆ. ‘ಟೇಪು ರೋಗ ಹೇಳುವುದಿಲ್ಲ, ಯಾರ ಬಾಗಿಲು ಬಡಿಯಬೇಕು ಅಂತ ಹೇಳುತ್ತದೆ’ ಎನ್ನುತ್ತಿದ್ದರು ನಮ್ಮ ಶೈಲಜಾ ಮೇಡಂ. ತೆಳ್ಳಗಿದ್ದವರಿಗೂ ಈ ಕಾಯಿಲೆ ಬರಬಹುದು ಎಂದು ಅದರ ಹಿಂದೆಯೇ ಸೇರಿಸುತ್ತಿದ್ದರು.

ಶೈಲಜಾ ಮೇಡಂ ಕೊಲ್ಹಾಪುರದವರು, ನಮ್ಮ ವೈದ್ಯಾಧಿಕಾರಿ. ನನ್ನ ಸರ್ವಿಸಿನಲ್ಲಿ ಬಹಳ ಸಾಹೇಬರನ್ನು ಕಂಡಿದ್ದೇನೆ. ಕೆಲವರಿಗೆ ಸಹಿ ಮಾಡುವುದೇ ವೈದ್ಯಕೀಯ. ಈಕೆ ಬೇರೆ. ಕನ್ನಡ ಬಾರದಿದ್ದರೂ ಕನ್ನಡದ ಮನೆಯಲ್ಲಿ ಕನ್ನಡದಲ್ಲೇ ತಪ್ಪು ಮಾಡುವಷ್ಟು ಧೈರ್ಯ ಅವರಿಗಿತ್ತು. ನನಗೆ ಅವರ ಮೇಲೆ ಇರುವುದು ಬರೀ ಗೌರವವಲ್ಲ, ಅಕ್ಕರೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ಮೊದಲ ಫಜೀತಿ ಆದದ್ದು ಯಡ್ರಾವದಲ್ಲಿ. ಅಲ್ಲಿ ಪವರ್‌ಲೂಮಿನ ಮಾಲೀಕರು, ಕೆಲಸಗಾರರು, ಅವರ ಮೇಸ್ತ್ರಿಗಳಾದ ಮುಕಾದಮರು ಎಲ್ಲರನ್ನೂ ಅಳೆಯಬೇಕಿತ್ತು. ಮಗ್ಗಗಳ ಖಟಖಟ ಸದ್ದಿನಲ್ಲಿ ಹೇಳಿದ್ದು ಕೇಳಿಸದು. ಗಂಡಸರು ದೂರದಿಂದಲೇ ಕೈಯೆತ್ತಿ, ‘ಪ್ಯಾಂಟಿನ ನಂಬರ್ ಬತ್ತೀಸ್ ಐತ್ರೀ, ಅದನ್ನ ಬರಕೊಳ್ರಿ’ ಎಂದು ಕೂಗುತ್ತಿದ್ದರು. ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ, ಹೊಟ್ಟೆ ಪ್ಯಾಂಟಿನ ಮೇಲೆ ನಿಲ್ಲುತ್ತದೆ. ಮದುವೆಯ ಕಾಲದ ಮೂವತ್ತೆರಡು ಮೊಮ್ಮಗನ ಕಾಲಕ್ಕೂ ಬದಲಾಗುವುದಿಲ್ಲ.

ಸರಿ, ಪ್ಯಾಂಟಿನ ಮಾತು ನಂಬಬಾರದು ಎಂದು ನಮ್ಮ ಸಂಗೀತಾ, ಆಗ ಹೊಸದಾಗಿ ಸೇರಿದವಳು, ಅಂಗಿ ಎತ್ತಿಸಿ ಅಳೆದಳು. ಎಲ್ಲಿ ಸುತ್ತಬೇಕು ಎಂದು ಅನುಮಾನ ಬಂದಾಗ ಗಂಡಸರೇ ಬೆರಳಿಟ್ಟು ತೋರಿಸಿದರು: ‘ಇಲ್ಲೆ ನೋಡ್ರಿ ಬಾಯಾರ, ಸೊಂಟ ಅಂದ್ರ ಉಡದಾರ ಇರೂದ.’ ಹುಟ್ಟಿದಾಗಿನಿಂದ ಉಡದಾರ ಕಟ್ಟಿದ ಜಾಗವೇ ಸೊಂಟ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಹೊಟ್ಟೆ ಬೆಳೆದಂತೆ ಉಡದಾರ ಪಾಪ ಜಾರಿ ಜಾರಿ ಕೆಳಗೆ ಹೋಗಿ ಕುಳಿತಿರುತ್ತದೆ. ಸಂಜೆ ಲೆಕ್ಕ ನೋಡಿದರೆ ಯಡ್ರಾವದ ಗಂಡಸರೆಲ್ಲ ಮಿಲಿಟರಿಗೆ ಸೇರಲು ಯೋಗ್ಯರು! ಮೇಡಂ ಕಾಗದ ನೋಡಿ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣೀರು ಬರುವಷ್ಟು ನಕ್ಕರು.

ಮರುದಿನ ತಾವೇ ಬಂದರು. ಬಂದವರು ಯಾರ ಹೊಟ್ಟೆಗೂ ಕೈ ಹಾಕಲಿಲ್ಲ. ಎಲ್ಲರ ಎದುರು ನಿಂತು, ಕೊನೆಯ ಪಕ್ಕೆಲುಬು ಎಲ್ಲಿ, ಟೊಂಕದ ಎಲುಬಿನ ತುದಿ ಎಲ್ಲಿ ಎಂದು ತಮ್ಮ ಮೈಮೇಲೇ ತೋರಿಸಿ, ಎರಡರ ನಡುಮಧ್ಯಕ್ಕೆ ತಮ್ಮ ಸೊಂಟಕ್ಕೇ ಟೇಪು ಸುತ್ತಿಕೊಂಡು, ದೊಡ್ಡ ದನಿಯಲ್ಲಿ ಓದಿದರು: ‘ತೊಂಬತ್ತೆರಡು ಸೆಂಟಿಮೀಟರ್. ಹೆಂಗಸರಿಗೆ ಎಂಬತ್ತು ದಾಟಬಾರದು, ಗಂಡಸರಿಗೆ ತೊಂಬತ್ತು. ಪಹಿಲಾ ಪೇಶಂಟ್ ಮೀ.’ ಮೊದಲ ಪೇಶಂಟ್ ನಾನೇ ಎಂದು ಡಾಕ್ಟರೇ ಅಂದ ಮೇಲೆ ಇನ್ನೇನು ನಾಚಿಕೆ! ಗಂಡಸರು ಸಾಲು ಹಚ್ಚಿದರು.

ಆದರೂ ಟೇಪು ಹತ್ತಿರ ಬಂದ ಕೂಡಲೇ ಹೊಟ್ಟೆ ಒಳಗೆ ಎಳೆದುಕೊಳ್ಳುವ ಚಟ ಬಿಡಬೇಕಲ್ಲ. ಉಸಿರು ಬಿಡಿ ಅಂದರೆ ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಅಲ್ಲಿ ಮೇಡಂ ಒಂದು ಉಪಾಯ ಕಲಿಸಿದರು. ಟೇಪು ಸುತ್ತಿ, ಏನೂ ಗೊತ್ತಿಲ್ಲದವರಂತೆ, ‘ಮಾಮಾ, ನೂಲಿನ ರೇಟು ಈಗ ಹೆಂಗದ?’ ಎಂದು ಕೇಳುವುದು. ಮಗ್ಗದ ಮಾಲೀಕ, ‘ಏನ್ ಹೇಳೂದ್ರೀ ಮೇಡಂ...’ ಎಂದು ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿನ ಕೊನೆಗೆ ಟೇಪು ಓದಿದರೆ ಖರೇ ಅಳತೆ. ಕಬ್ಬಿನವರಿಗೆ ಕಾರ್ಖಾನೆಯ ಬಿಲ್ಲು ಕೇಳುವುದು, ಹಾಲಿನವರಿಗೆ ಹಿಂಡಿಯ ಬೆಲೆ ಕೇಳುವುದು. ಹುಡುಗಿಯರೇ, ಈ ಉಪಾಯ ಯಾವ ಟ್ರೇನಿಂಗಿನಲ್ಲೂ ಸಿಗುವುದಿಲ್ಲ, ನೆನಪಿಟ್ಟುಕೊಳ್ಳಿ.

ಇನ್ನು ನೇಸರಿ ಎಂಬ ಹಳ್ಳಿಯ ಪ್ರಸಂಗ. ಆ ವಾರ ಎತ್ತರ ಅಳೆಯುವ ನಮ್ಮ ಕೋಲು ಮುರಿದಿತ್ತು. ಮೇಡಂ ಒಂದು ಸರಳ ದಾರಿ ಹೇಳಿಕೊಟ್ಟರು: ಮನುಷ್ಯನ ಎತ್ತರದಷ್ಟು ದಾರ ತೆಗೆದುಕೊಂಡು ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಬೇಕು. ತುದಿಗಳು ಕೂಡಿದರೆ ಸೊಂಟ ಎತ್ತರದ ಅರ್ಧದೊಳಗಿದೆ, ಚಿಂತೆ ಕಡಿಮೆ. ಕೂಡದಿದ್ದರೆ ಅವರನ್ನು ರಕ್ತಪರೀಕ್ಷೆಗೆ ಕಳಿಸಬೇಕು. ಇಚಲಕರಂಜಿಯಿಂದ ಗಂಜಿ ಹಾಕಿದ ಹತ್ತಿ ನೂಲಿನ ಉಂಡೆ ತಂದೆ. ಅದರ ಹಿಂದಿನ ದಿನ ಬೇರೆ ಊರಿಗೆ ಪಾಲಿಸ್ಟರ್ ನೂಲು ಒಯ್ದು, ಅದು ರಬ್ಬರಿನಂತೆ ಹಿಗ್ಗಿ, ಒಂದು ಇಡೀ ಓಣಿಯೇ ಆರೋಗ್ಯವಾಗಿಬಿಟ್ಟಿತ್ತು.

ನೇಸರಿಯಲ್ಲಿ ಮೊದಲ ಮನೆಯ ಅಜ್ಜನಿಗೆ ಬೆನ್ನು ಬಾಗಿತ್ತು, ನೆಟ್ಟಗೆ ನಿಲ್ಲಲು ಆಗದು. ಸಂಗೀತಾ ಅಜ್ಜನನ್ನು ಹೊರಸಿನ ಮೇಲೆ ಮಲಗಿಸಿ ತಲೆಯಿಂದ ಕಾಲಿನವರೆಗೆ ದಾರ ಎಳೆದಳು. ಒಂದು ತುದಿ ನನ್ನ ಕೈಯಲ್ಲಿ. ಅಷ್ಟರಲ್ಲಿ ಎಮ್ಮೆ ಹಿಂಡಿಕೊಂಡು ಅಜ್ಜಿ ಒಳಗೆ ಬಂದಳು. ನೋಡಿದವಳೇ ಹಾಲಿನ ಚರಿಗೆ ನೆಲಕ್ಕಿಟ್ಟು ಚೀರಿದಳು.

‘ಏ ಬಾಯಾರ! ಏನ್ ನಡಸೀರಿ? ಜೀವ ಇದ್ದಾವರ್ನ ಮಲಗಿಸಿ ತಲಿಂದ ಕಾಲಿನ ತನಕಾ ಅಳತಿ ಹಿಡೀತಾರೇನು? ಕುಣಿ ತೋಡಾಕ ಬಂದೀರೇನ್ ನನ್ನ ಮನಿಗೆ?’

ನನ್ನ ಕೈಯಲ್ಲಿದ್ದ ದಾರದ ತುದಿ ತಾನಾಗಿ ಬಿಟ್ಟುಹೋಯಿತು. ನಮ್ಮ ಕಡೆ ಮಣ್ಣು ಮಾಡುವ ಮನೆತನಗಳಲ್ಲಿ ಮನುಷ್ಯನ ಮೈಯಳತೆ ತೆಗೆಯುವುದು ಕುಣಿ ತೋಡುವ ಮುಂಚೆ. ಅದು ನನಗೂ ಗೊತ್ತಿದ್ದದ್ದೇ, ಕೆಲಸದ ಗಡಿಬಿಡಿಯಲ್ಲಿ ತಲೆಗೆ ಹೊಳೆದಿರಲಿಲ್ಲ. ಸುದ್ದಿ ನಮಗಿಂತ ಮುಂದೆ ಓಡಿತು. ಆ ಓಣಿಯಲ್ಲಿ ಅಂದು ಒಂದು ಬಾಗಿಲೂ ತೆರೆಯಲಿಲ್ಲ.

ಮರುದಿನ ಬೆಳಗಿನ ಎಸ್‌ಟಿ ಬಸ್ಸಿಗೆ ಮೇಡಂ ನಮ್ಮ ಜೊತೆ ಬಂದು, ನೆಟ್ಟಗೆ ಅದೇ ಮನೆಯ ಕಟ್ಟೆಯ ಮೇಲೆ ಕುಳಿತರು. ‘ಚುಕಲಂ ಆಜಿ. ನಮ್ಮದು ತಪ್ಪು ಆತು’ ಎಂದು ಕೈಮುಗಿದರು. ಅಜ್ಜಿ ಮುಖ ತಿರುಗಿಸಿಕೊಂಡೇ ಚಹಾ ಕೊಟ್ಟಳು. ಚಹಾ ಕೊಟ್ಟಳೆಂದರೆ ಅರ್ಧ ಕ್ಷಮಿಸಿದಂತೆ. ಅಂಗಳದಲ್ಲಿ ಅಜ್ಜ ಎಮ್ಮೆಗೆ ಹಗ್ಗ ಕತ್ತರಿಸಲು ಎರಡೂ ಕೈ ಚಾಚಿ ಅಳೆಯುತ್ತಿದ್ದ.

‘ಅಜ್ಜಾ, ಕಾಯ ಕರತಾಯ? ಏನ್ ಮಾಡ್ತೀರಿ?’ ಎಂದರು ಮೇಡಂ.

‘ಮಾರು ಹಾಕಾಕತ್ತೇನ್ರಿ. ಮೂರು ಮಾರು ಆದ್ರ ಒಂದು ದಾವಣಿ ಹಗ್ಗ ಆಕ್ಕೈತಿ.’

ಚಾಚಿದ ಎರಡು ಕೈಗಳ ಬೆರಳ ತುದಿಯಿಂದ ತುದಿಗೆ ಒಂದು ಮಾರು. ಮೇಡಂ ಚಹಾದ ಕಪ್ಪು ಕೆಳಗಿಟ್ಟು ಬಹಳ ಹೊತ್ತು ಅಜ್ಜನ ಕೈಗಳನ್ನೇ ನೋಡಿದರು. ಬೆನ್ನು ಬಾಗಿದರೂ ಕೈ ಬಾಗುವುದಿಲ್ಲ, ಮಾರು ಹೆಚ್ಚುಕಡಿಮೆ ಮನುಷ್ಯನ ಎತ್ತರದಷ್ಟೇ ಇರುತ್ತದೆ ಎಂದು ಅವರು ಓದಿದ್ದು ಆಗ ನೆನಪಾಯಿತಂತೆ. ಓದಿದ್ದು ಬಹಳ ಜನರಿಗೆ ನೆನಪಿರುತ್ತದೆ, ಬೇಕಾದ ಕಟ್ಟೆಯ ಮೇಲೆ ನೆನಪಾಗುವುದು ದೊಡ್ಡದು. ಮೊದಲು ನಮ್ಮೆಲ್ಲರ ಮಾರನ್ನೂ ಎತ್ತರವನ್ನೂ ಗೋಡೆಗೆ ಹಚ್ಚಿ ತಾಳೆ ನೋಡಿದರು. ಆಮೇಲೆ ದಾರದ ಉಂಡೆಯನ್ನು ಅಜ್ಜನ ಕೈಗೇ ಕೊಟ್ಟರು.

ಅಜ್ಜ ತಾನೇ ಮಾರು ಹಾಕಿ, ತಾನೇ ಮಡಿಚಿ, ತಾನೇ ಸೊಂಟಕ್ಕೆ ಸುತ್ತಿಕೊಂಡ. ತುದಿ ಕೂಡಿ ಇನ್ನೂ ಒಂದು ಗೇಣು ಮಿಕ್ಕಿತು. ‘ನೋಡs, ಹರೇದ ಹುಡುಗನ್ಹಂಗ ಅದೇನಿ’ ಎಂದು ಹೆಂಡತಿಗೆ ತೋರಿಸಿದ. ಅಜ್ಜಿ, ‘ತರ್ರಿ ಇಲ್ಲೆ, ನನಗೇನ್ ಕೈ ಇಲ್ಲೇನ’ ಎಂದು ದಾರ ಕಸಿದುಕೊಂಡಳು. ಅಂದು ಮಧ್ಯಾಹ್ನದೊಳಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ನಾವು ಅಳೆಯಲು ಹೋದರೆ ಅಪಶಕುನ, ಅವರೇ ಅಳೆದುಕೊಂಡರೆ ಮೋಜು. ಅಲ್ಲಿಂದ ಮುಂದೆ ಹಳ್ಳಿಗಳಲ್ಲಿ ನಮ್ಮ ಪದ್ಧತಿ ಅರ್ಧ ಮಾರಿನ ದಾರವೇ ಆಯಿತು. ಅನುಮಾನ ಬಂದವರಿಗೆ ಮಾತ್ರ ಟೇಪು, ತೂಕ, ರಕ್ತಪರೀಕ್ಷೆ.

ಇನ್ನು ನಾನು ಮರೆಯಲಾರದ ಮನುಷ್ಯನ ವಿಷಯಕ್ಕೆ ಬರುತ್ತೇನೆ. ಗಡಹಿಂಗ್ಲಜದಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಶಿವಪ್ಪಣ್ಣನ ಮನೆ. ಪೇಟೆಯಲ್ಲಿ ಅವರದು ಬೆಲ್ಲದ ಅಡತಿ, ದಲಾಲಿ ಅಂಗಡಿ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ, ಸೆರೆಯ ವಾಸನೆ ಬಂದರೆ ಆ ಬೀದಿ ಬಿಟ್ಟು ಈ ಬೀದಿಗೆ ಹೋಗುವವರು. ಆದರೆ ಬೆಲ್ಲದ ಪೆಂಟಿ ಬಂದರೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ದರ ಹೇಳುತ್ತಿರಲಿಲ್ಲ. ದಿನಕ್ಕೆ ಎಷ್ಟು ಪೆಂಟಿ ಬರುತ್ತವೋ ಅಷ್ಟು ಚೂರು.

ಬೆಲ್ಲದ ಪೇಟೆಯಲ್ಲಿ ಶಿಬಿರ ಮಾಡಿದಾಗ ಅವರ ಅರ್ಧ ಮಾರು ದಾರ ಕೂಡಲಿಲ್ಲ. ನಾಲ್ಕು ಬೆರಳು ಅಂತರ. ಕೊರಳು ಅಳೆಯುವಾಗ ಮೇಡಂ ಶಿವದಾರಕ್ಕೆ ತಾವು ಕೈ ಹಚ್ಚದೆ, ‘ಕಾಕಾ, ಅದನ್ನ ನೀವೇ ಸರಿಸಿ ಹಿಡೀರಿ’ ಅಂದರು. ಅಷ್ಟಕ್ಕೇ ಶಿವಪ್ಪಣ್ಣನಿಗೆ ಆಕೆಯ ಮೇಲೆ ವಿಶ್ವಾಸ ಕೂತಿತು. ರಕ್ತ ಕೊಟ್ಟರು, ಸೋನೋಗ್ರಾಫಿಗೂ ಹೋಗಿ ಬಂದರು. ಲಿವರಿನಲ್ಲಿ ಕೊಬ್ಬು ಸಾಕಷ್ಟೇ ಇತ್ತು. ‘ಬೆಲ್ಲದ ರುಚಿ ನೋಡಿ ಉಗುಳ್ರಿ’ ಎಂದು ಮೇಡಂ ಹೇಳಿದರೆ, ‘ಬೆಲ್ಲ ಉಗುಳಿದ್ರ ಲಕ್ಷ್ಮೀನ್ನ ಉಗುಳಿದಂಗ್ರೀ’ ಎಂದು ನಕ್ಕರು.

ಆದರೆ ಸಂಜೆ ನನ್ನ ಬಾಗಿಲಿಗೆ ಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ. ಜೊತೆಗೆ ಹೆಂಡತಿ ಗೌರವ್ವ, ನಾನು ಅತ್ತಿಗೆಯಂತೆ ವೈನಿ ಎಂದು ಕರೆಯುವವರು. ಮಗಳು ಅಶ್ವಿನಿಯ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮುಂದಿನ ವಾರ ಇತ್ತು. ಗಂಡಿನವರು ಶಿರೋಳದ ಕಬ್ಬಿನ ಜಮೀನುದಾರರು. ಅಶ್ವಿನಿ ಆ ಹುಡುಗನನ್ನು ಮನಸಾರೆ ಒಪ್ಪಿದ್ದಳು.

‘ಸಿಸ್ಟರ್, ಲಿವರ್ ಖರಾಬ ಐತಿ ಅಂದ್ರ ಮಂದಿ ಏನ್ ತಿಳೀತಾರ? ಕುಡುಕ ಅಂತಾರ. ಅಪ್ಪ ಕುಡುಕ ಅಂದ ಮ್ಯಾಲ ಹುಡುಗೀನ ಯಾರ್ ಮಾಡ್ಕೋತಾರ?’ ಅಂದರು ಶಿವಪ್ಪಣ್ಣ.

ಗೌರವ್ವ ವೈನಿ ನನ್ನ ಕೈ ಹಿಡಿದುಕೊಂಡರು. ‘ಲಗ್ನ ಆಗೂ ತನಕಾ ಔಷಧ ಬ್ಯಾಡ, ಪಥ್ಯ ಬ್ಯಾಡ, ಏನೂ ಬ್ಯಾಡ್ರಿ. ಯಾರಿಗೂ ಗೊತ್ತಾಗಬಾರದು.’

ರೋಗಿಯ ಗುಟ್ಟು ನಮ್ಮ ಬಾಯಿಂದ ಹೊರಗೆ ಬರುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಪಥ್ಯ ಬೇಡ ಅನ್ನುವುದಕ್ಕೆ ಮಾತ್ರ ಒಪ್ಪಲಿಲ್ಲ. ಮೇಡಂಗೆ ಹೇಳಿದಾಗ, ‘ಬೀಗರಿಗೆ ಹೇಳಬೇಕೋ ಬೇಡವೋ ಅದು ಅವರ ಹಕ್ಕು. ನೀನು ಪಕ್ಕದ ಮನೆಯವಳು, ಜೊತೆಗಿರು’ ಅಂದರು.

ಸಾಖರಪುಡಾ ದಿನ ನಾನೂ ಹೋಗಿದ್ದೆ. ಲಗ್ನದ ಕಾರ್ಯಾಲಯದಲ್ಲಿ ಮಂದಿ ಕಿಕ್ಕಿರಿದಿತ್ತು. ಹುಡುಗಿಯ ಉಡಿ ತುಂಬಿದ್ದಾಯಿತು, ಉಂಗುರವೂ ಆಯಿತು. ಕೊನೆಗೆ ಬೀಗರು ಒಬ್ಬರಿಗೊಬ್ಬರು ಬಾಯಿ ಸಿಹಿ ಮಾಡುವ ಪದ್ಧತಿ. ಗಂಡಿನ ತಂದೆ ಅಪ್ಪಾಸಾಹೇಬರು ದೊಡ್ಡ ಆಳು, ದೊಡ್ಡ ಹೊಟ್ಟೆ, ದೊಡ್ಡ ಮನಸ್ಸು. ಒಂದು ಪೇಢೆಯನ್ನು ಶಿವಪ್ಪಣ್ಣನ ಬಾಯಿಗೆ ತುರುಕಿ, ಎರಡನೆಯದನ್ನು ಎತ್ತಿದರು, ಮೂರನೆಯದನ್ನು ಅವರ ತಮ್ಮ ಹಿಡಿದು ನಿಂತಿದ್ದ. ಬೀಗರ ಕೈಯ ಸಿಹಿಯನ್ನು ಬೇಡ ಅನ್ನುವುದು ಎಂದರೆ ಸಂಬಂಧವನ್ನೇ ಬೇಡ ಅಂದಂತೆ.

ಶಿವಪ್ಪಣ್ಣ ಎರಡನೆಯ ಪೇಢೆಗೆ ಕೈ ಅಡ್ಡ ಹಿಡಿದರು. ಗೌರವ್ವ ವೈನಿ ಹಿಂದಿನಿಂದ ಅವರ ಅಂಗಿ ಜಗ್ಗಿದರು.

‘ಯಾಕ್ರೀ ಬೀಗರ, ನಮ್ಮ ಕೈಯಾಂದು ಸೇರೂದಿಲ್ಲೇನು?’ ಎಂದರು ಅಪ್ಪಾಸಾಹೇಬರು. ನಗುತ್ತಲೇ ಅಂದರು, ಆದರೆ ಸುತ್ತಲಿನವರೆಲ್ಲ ಇತ್ತ ತಿರುಗಿದರು.

ಹೊಟ್ಟೆ ತುಂಬಿದೆ ಅನ್ನಬಹುದಿತ್ತು, ಉಪವಾಸ ಅನ್ನಬಹುದಿತ್ತು. ಶಿವಪ್ಪಣ್ಣ ಎದೆಯ ಮೇಲಿನ ಲಿಂಗಕ್ಕೆ ಕೈ ಹಚ್ಚಿಕೊಂಡು ನಿಂತರು.

‘ಬೀಗರ, ಸಿಹಿ ಒಲ್ಲೆ ಅನ್ನಾಕತ್ತಿಲ್ಲ. ನನ್ನ ಲಿವರಿನ್ಯಾಗ ಕೊಬ್ಬ ಸೇರೈತಿ, ಡಾಕ್ಟರ್ ಸಕ್ಕರಿ ಬಂದ್ ಮಾಡ್ಯಾರ. ಹನಿ ಸೆರೆ ಮುಟ್ಟಿದಾಂವಲ್ಲ ನಾ. ಆದ್ರ ಸುಳ್ಳು ಹೇಳಿ ನಿಮ್ಮ ಮನಿಗೆ ಮಗಳ್ನ ಕಳಸೂದು ನನಗ ಆಗೂದಿಲ್ಲ. ಇನ್ ಮ್ಯಾಲ ನೀವು ಹೆಂಗ ಅಂತೀರಿ ಹಂಗ.’

‘ಲಿವರ್ ಅಂದ್ರ...’ ಎಂದು ಯಾರೋ ಹಿಂದಿನಿಂದ ಗೊಣಗಿದರು. ಅಶ್ವಿನಿ ಬಂದು ಅಪ್ಪನ ಪಕ್ಕ ನಿಂತು ಅವರ ತೋಳು ಹಿಡಿದುಕೊಂಡಳು, ತಲೆ ತಗ್ಗಿಸಲಿಲ್ಲ. ಶಿವಪ್ಪಣ್ಣ ನನ್ನ ಕಡೆ ತಿರುಗಿ, ‘ಸಿಸ್ಟರ್, ನೀವ ಹೇಳ್ರಿ, ನಾ ಒಪ್ಪೇನಿ’ ಅಂದರು. ನಾನು ಮುಂದೆ ಬಂದು ಹೇಳಿದೆ. ಕುಡಿಯದವರಿಗೂ ಇದು ಬರುತ್ತದೆ, ಸೊಂಟ ದೊಡ್ಡದಾದವರಿಗೆ ಹೆಚ್ಚು, ಸಿಹಿ ಕಡಿಮೆ ಮಾಡಿ ನಡೆದಾಡಿ ತೂಕ ಇಳಿಸಿದರೆ ಬಹಳ ಮಂದಿಯಲ್ಲಿ ಇಳಿಯುತ್ತದೆ ಅಂದೆ. ಸಾವಿರ ಸಲ ಹೇಳಿದ ಮಾತೇ ಅದು. ಅಂದು ಮಾತ್ರ ಒಬ್ಬ ಹುಡುಗಿಯ ಬಾಳು ಅದರ ಮೇಲೆ ನಿಂತಿತ್ತು.

ನಾನು ಮುಗಿಸಿದೆ. ಅಪ್ಪಾಸಾಹೇಬರು ಕೈಯಲ್ಲಿದ್ದ ಪೇಢೆಯನ್ನು ತಟ್ಟೆಗೆ ಹಾಕಿ ನೆಲ ನೋಡುತ್ತ ನಿಂತಿದ್ದರು. ಆಗ ಮುಂದೆ ಬಂದದ್ದು ಅವರ ಹೆಂಡತಿ ಮಹಾದೇವಿ.

‘ಇವರಿಗೂ ಐತ್ರಿ’ ಅಂದರು. ‘ಹ್ವಾದ ವರ್ಷನ ಗೊತ್ತಾಗೈತಿ. ಹುಡುಗನ ಲಗ್ನ ಆಗೂದಿಲ್ಲಂತ ಹೇಳಿ ರಿಪೋರ್ಟ್ ಗಾದಿ ಬುಡಕ ಇಟ್ಟಾರ. ಮತ್ತ ಡಾಕ್ಟರ್ ಕಡೆ ಹೋಗೇ ಇಲ್ಲ. ನಾ ಅತ್ತೂ ಕರದೂ ಹೇಳಿದ್ರೂ ಹೋಗ್ಲಿಲ್ಲ.’

‘ಏ, ಸುಮ್ಮನಿರs’ ಎಂದರು ಅಪ್ಪಾಸಾಹೇಬರು. ದನಿಯಲ್ಲಿ ಜೋರಿರಲಿಲ್ಲ.

ಶಿವಪ್ಪಣ್ಣ ಹೋಗಿ ಬೀಗರ ಹೆಗಲ ಮೇಲೆ ಕೈ ಹಾಕಿದರು. ‘ಇಷ್ಟs ಹೌದಲ್ರಿ? ಹಂಗಾದ್ರ ಇಬ್ರೂ ಕೂಡೇ ಹೋಗೂಣು ಬರ್ರಿ.’ ಅಷ್ಟೇ. ಮಂದಿ ನಕ್ಕಿತು, ವಾದ್ಯದವರಿಗೆ ಯಾರೋ ಸನ್ನೆ ಮಾಡಿದರು.

ನಮ್ಮ ಕಡೆ ಲಗ್ನದ ಅರಬಿ, ಅಂದರೆ ಬಟ್ಟೆ ಖರೀದಿಗೆ ಬಸ್ತಾ ಅನ್ನುತ್ತಾರೆ. ಎರಡೂ ಮನೆಯವರು ಕೂಡಿ ಹೋಗುವುದು ರೂಢಿ. ಇವರು ಬಸ್ತಾ ಕಟ್ಟಲು ಕೊಲ್ಹಾಪುರಕ್ಕೆ ಹೋದ ದಿನ ನನ್ನನ್ನೂ ಕರೆದುಕೊಂಡು ಹೋದರು. ಬೀಗರಿಬ್ಬರೂ ಖಾಲಿ ಹೊಟ್ಟೆಯಲ್ಲಿದ್ದರು, ಮೊದಲು ಆಸ್ಪತ್ರೆ, ಆಮೇಲೆ ಅರಬಿ ಅಂಗಡಿ. ಶಿವಪ್ಪಣ್ಣನದು ಬರೀ ಕೊಬ್ಬು. ಅಪ್ಪಾಸಾಹೇಬರ ಲಿವರು ಆಗಲೇ ಗಟ್ಟಿಯಾಗತೊಡಗಿತ್ತು. ದೊಡ್ಡ ಡಾಕ್ಟರು ಕಾಗದ ಓದಿ, ‘ಇನ್ನೂ ನಮ್ಮ ಕೈಯಲ್ಲಿದೆ. ಇನ್ನಷ್ಟು ವರ್ಷ ಮುಚ್ಚಿಟ್ಟಿದ್ದರೆ ಇರುತ್ತಿರಲಿಲ್ಲ’ ಎಂದರು.

ಹೊರಗೆ ಬಂದ ಮೇಲೆ ಮಹಾದೇವಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಆಸ್ಪತ್ರೆಯ ಆ ಗದ್ದಲದಲ್ಲೇ, ಬಗ್ಗಿ ಶಿವಪ್ಪಣ್ಣನ ಕಾಲು ಮುಟ್ಟಿದರು. ನಮ್ಮಲ್ಲಿ ಬಗ್ಗುವುದು ಯಾವಾಗಲೂ ಹೆಣ್ಣಿನ ಕಡೆಯವರು. ಗಂಡಿನ ತಾಯಿ ಹೆಣ್ಣಿನ ತಂದೆಯ ಕಾಲು ಮುಟ್ಟಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಶಿವಪ್ಪಣ್ಣ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ‘ಏ ಬೀಗತೇರ, ಇದೇನ್ ಮಾಡಾಕತ್ತೀರಿ! ಏಳ್ರಿ, ಏಳ್ರಿ’ ಅಂದರು. ಅವರ ಕಣ್ಣು ತುಂಬಿದ್ದವು. ‘ನಡೀರಿ, ಅಂಗಡಿ ತೆರದಿರ್ತಾವ. ಮಗಳಿಗೆ ಸೀರಿ ತಗೊಳ್ಳೂಣು.’